ಮಗಳ ಅಜ್ಜಿ, ಗಾಜಿನ ಮೊಕದ್ದಮೆ

ಮಾರ್ಚ್ ೩, ಸೋಮವಾರ

ಗಾಜಿನ ಕಾರ್ಖಾನೆಯ ಮೊಕದ್ದಮೆ ಇವತ್ತು ಶುರುವಾಯಿತು. ನ್ಯಾಯಾಲಯದ ಮೆಟ್ಟಿಲ ಮೇಲೆ ಪತ್ರಿಕೆಯವರು ಮುತ್ತಿಕೊಂಡರು. ನನ್ನ ಕಕ್ಷಿದಾರರಾದ ಕಂಪನಿಯ ನಿರ್ದೇಶಕರು ಕೈಯಿಂದ ಮುಖ ಮುಚ್ಚಿಕೊಳ್ಳಲು ಹೋದರು. ನಾನು ಮೆಲ್ಲಗೆ ಅವರ ಕೈ ಕೆಳಗಿಳಿಸಿದೆ. ಮುಖ ಮುಚ್ಚಿಕೊಂಡ ಚಿತ್ರವೊಂದು ಅಚ್ಚಾದರೆ ಅರ್ಧ ಕೇಸು ಸೋತಂತೆ.

ಆರೋಪ ಸರಳ. ಹೊಸ ಕಾರ್ಖಾನೆಯ ಕುಲುಮೆ ಇನ್ನೂ ಹೊತ್ತಿರಲೇ ಇಲ್ಲ. ಆದರೂ ಹಣ ಹೂಡಿದವರು ನೋಡಲು ಬಂದ ದಿನ ಬೆಲ್ಟಿನ ಮೇಲೆ ಬಾಟಲಿಗಳು ಸಾಲಾಗಿ ಬರುತ್ತಿದ್ದವು, ಎಲ್ಲ ಬೇರೆ ಕಡೆಯಿಂದ ತಂದವು. ಕೂಲಿಗೆ ಕರೆಸಿದ ಜನ ಸಮವಸ್ತ್ರ ಹಾಕಿಕೊಂಡು ಓಡಾಡಿದರು. ಹಳೇ ಹಲಗೆ ಸುಟ್ಟು ಚಿಮಣಿಯಲ್ಲಿ ಹೊಗೆ ಬರಿಸಿದರು. ಉತ್ಪಾದನೆಯ ಸುಳ್ಳು ದಾಖಲೆಗಳನ್ನೂ ಬರೆದಿಟ್ಟರು. ನಮ್ಮ ವಾದವೂ ಸರಳ: ಇದೆಲ್ಲ ಉತ್ಪಾದನಾ ಮುಖ್ಯಸ್ಥನ ಕರಾಮತ್ತು, ನಿರ್ದೇಶಕರಿಗೆ ಏನೂ ಗೊತ್ತಿರಲಿಲ್ಲ. ಆ ಮುಖ್ಯಸ್ಥ ತಲೆಮರೆಸಿಕೊಂಡಿದ್ದಾನೆ. ಸಿಗದಿದ್ದರೆ ನಮಗೇ ಅನುಕೂಲ.

ಮಧ್ಯಾಹ್ನ ಮಗಳ ಫೋನು. ಅವಳು ಓದುತ್ತಿರುವ ಊರಿಂದ ಇಷ್ಟು ಹೊತ್ತಿಗೆ ಫೋನು ಬಂದರೆ ಏನೋ ಬೇಡಿಕೆ ಇದೆ ಎಂದೇ ಅರ್ಥ.

"ಅಮ್ಮಾ, ಅಜ್ಜಿಗೆ ಮೊಣಕಾಲಿನ ಆಪರೇಷನ್ ಆಯ್ತಲ್ಲ. ಅಪ್ಪನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನಿನ್ನದು ನೆಲಮಹಡಿ. ಕಾಲು ಸರಿಹೋಗೋ ತನಕ ಅಜ್ಜಿ ನಿನ್ನ ಹತ್ರ ಇರ್ಲಿ."

"ನನಗೆ ಕೇಸಿದೆ."

"ನಿನಗೆ ಯಾವಾಗ ಕೇಸಿರಲ್ಲ ಹೇಳು?"

ಪ್ರಶ್ನೆ ಚೆನ್ನಾಗಿತ್ತು. ಒಪ್ಪಿಕೊಂಡೆ.

ಒಂದು ಕಾಲಕ್ಕೆ ಆಕೆ ನನ್ನ ಅತ್ತೆ. ವಿಚ್ಛೇದನವಾಗಿ ಹದಿಮೂರು ವರ್ಷವಾಯಿತು. ಈಗ ಕಾನೂನಿನ ಕಣ್ಣಲ್ಲಿ ನಾವು ಒಬ್ಬರಿಗೊಬ್ಬರು ಏನೂ ಅಲ್ಲ. ಅವರು ನನ್ನ ಮಗಳ ಅಜ್ಜಿ, ಅಷ್ಟೆ. ಬೇರೆಯಾದ ದಿನದಿಂದ ಅವರಿಂದ ಒಂದೇ ಒಂದು ಫೋನು ಬಂದಿಲ್ಲ. ನಾನೂ ಮಾಡಿಲ್ಲ ಎನ್ನುವುದು ಬೇರೆ ಮಾತು.

ಮಾರ್ಚ್ ೫, ಬುಧವಾರ

ಬಂದರು. ಮಗಳ ಅಪ್ಪ ಕಾರಿನಿಂದ ಇಳಿಸಿ, ವಾಕರ್ ಕೈಗೆ ಕೊಟ್ಟು, ಮಾತ್ರೆಗಳ ಡಬ್ಬಿಯನ್ನು ನನಗೆ ಒಪ್ಪಿಸಿದ. ಬಚ್ಚಲಲ್ಲಿ ಹಿಡಿಕೆ ಹಾಕಿಸಿದ್ದೀಯಾ ಎಂದು ಕೇಳಿದ. ಹಾಕಿಸಿದ್ದೆ. ನಾವಿಬ್ಬರೂ ಒಂದೇ ಬಾಗಿಲಲ್ಲಿ ಇಷ್ಟು ಹೊತ್ತು ಜಗಳವಿಲ್ಲದೆ ನಿಂತು ಎಷ್ಟು ಕಾಲವಾಯಿತೋ.

ಮಗಳ ಅಜ್ಜಿ ಹಜಾರದ ಸುತ್ತ ಒಮ್ಮೆ ಕಣ್ಣಾಡಿಸಿದರು. "ಚೆನ್ನಾಗಿದೆ. ಇಲ್ಲಿ ಯಾರಾದ್ರೂ ವಾಸ ಮಾಡ್ತಾರಾ?" ಎಂದರು.

ಅತಿಥಿ ಕೋಣೆ ತೋರಿಸಿ ಆಫೀಸಿಗೆ ಹೊರಟುಬಿಟ್ಟೆ.

ಮಾರ್ಚ್ ೮, ಶನಿವಾರ

ನಿನ್ನೆ ಸರ್ಕಾರದ ಮೊದಲ ಸಾಕ್ಷಿಯನ್ನು ಮುಗಿಸಿದೆ. ಹಣ ಹೂಡಿದವರಲ್ಲೊಬ್ಬ, ನಿವೃತ್ತ ಹಲ್ಲಿನ ಡಾಕ್ಟರು, ಅಂದು ಕಾರ್ಖಾನೆ ನೋಡಲು ಹೋಗಿದ್ದವನು. ಹೌದು ಇಲ್ಲ ಎರಡರಲ್ಲಿ ಒಂದನ್ನೇ ಹೇಳಬೇಕು ಎಂದು ಕಟ್ಟಿಹಾಕಿದೆ. ಕುಲುಮೆಯ ಒಳಗೆ ಕಣ್ಣಾರೆ ನೋಡಿದಿರಾ? ಇಲ್ಲ. ಕುಲುಮೆ ಉರಿಯುತ್ತಿದೆ ಎಂದು ನಿರ್ದೇಶಕರು ಬಾಯಿಬಿಟ್ಟು ಹೇಳಿದರಾ? ಇಲ್ಲ, ಆದರೆ... ಅವನು 'ಆದರೆ' ಎಂದಾಗಲೆಲ್ಲ ಮುಂದಿನ ಪ್ರಶ್ನೆ ಎಸೆದೆ. ಕೊನೆಗೆ ಪಾಪ, ತಾನು ಕಾರ್ಖಾನೆಗೆ ಹೋಗಿದ್ದು ನಿಜವೋ ಸುಳ್ಳೋ ಎಂದು ಅವನಿಗೇ ಅನುಮಾನ ಬಂದಂತಿತ್ತು.

ಪತ್ರಿಕೆಯವರು ನನಗಿಟ್ಟ ಅಡ್ಡಹೆಸರು ಕತ್ತರಿ. ಇವತ್ತು ಅದೇ ಶೀರ್ಷಿಕೆ: 'ಕತ್ತರಿ ಇನ್ನೂ ಹರಿತ'. ಮೇಜಿನ ಮೇಲೆ ಎದ್ದು ಕಾಣುವಂತೆ ಇಟ್ಟೆ. ಯಾಕೆ ಇಟ್ಟೆನೋ.

ಮಗಳ ಅಜ್ಜಿ ಚಹಾ ಕುಡಿಯುತ್ತ ಪೂರ್ತಿ ಓದಿದರು. "ಆ ಹಲ್ಲಿನ ಡಾಕ್ಟ್ರು 'ಆದ್ರೆ' ಅಂತ ಏನು ಹೇಳೋಕೆ ಹೊರಟಿದ್ರು?"

"ಗೊತ್ತಿಲ್ಲ."

"ತಿಳ್ಕೋಬೇಕು ಅನ್ನಿಸಲಿಲ್ವಾ?"

"ಅದು ನನ್ನ ಕೆಲಸ ಅಲ್ಲ."

"ಸರಿ," ಎಂದು ಪದಬಂಧಕ್ಕೆ ಪುಟ ತಿರುಗಿಸಿದರು. ಪೆನ್ನಿನಲ್ಲೇ ತುಂಬುತ್ತಾರೆ. ಪದ ಕೂರದಿದ್ದರೆ ಒಂದು ಚೌಕ ತಾವೇ ಬರೆದುಕೊಳ್ಳುತ್ತಾರೆ.

ಮಾರ್ಚ್ ೧೩, ಗುರುವಾರ

ಆಫೀಸಿನಲ್ಲಿ ಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ, ವಾಸನೆ ತಡೆಯಲಾರೆ. ಈ ವಾರವೆಲ್ಲ ಸಂಜೆಯ ಕೆಲಸ ಮನೆಗೇ ತಂದೆ.

ಮಗಳ ಅಜ್ಜಿ ಇಸ್ಪೀಟು ತೆಗೆದರು. ಮೂರು ಆಟ ಸೋತ ಮೇಲೆ ನನಗೆ ಅನುಮಾನ ಬಂತು. ವಾಕರಿನ ಬುಟ್ಟಿಯಲ್ಲಿ ಮಡಿಸಿಟ್ಟ ಟವೆಲ್ ಕೆಳಗೆ ಒಂದು ರಾಣಿ ಸಿಕ್ಕಳು.

"ಇದು ಇಲ್ಲಿಗೆ ಹೇಗೆ ಬಂತು?"

"ಬಿದ್ದಿರ್ಬೇಕು."

"ಬಿದ್ದದ್ದು ಟವೆಲ್ ಕೆಳಗೆ ಹೋಗುತ್ತಾ?"

"ಟವೆಲ್ ಆಮೇಲೆ ಬಿದ್ದಿರ್ಬೇಕು."

ಸುತ್ತಿ ಬಳಸಿ ಎಷ್ಟು ಕೇಳಿದರೂ ಜಗ್ಗಲಿಲ್ಲ. ಮಂತ್ರಿಗಳನ್ನು, ಬ್ಯಾಂಕಿನ ಅಧ್ಯಕ್ಷರನ್ನು ಬೆವರಿಳಿಸಿದವಳು ನಾನು. ಎಪ್ಪತ್ತೆಂಟರ ಈ ಹೆಂಗಸಿನ ಮುಂದೆ ಕೈಚೆಲ್ಲಿದೆ. ಫೈಲು ತೆರೆಯಲೇ ಇಲ್ಲ. ಇದು ಅಭ್ಯಾಸವಾಗಬಾರದು.

ಮಾರ್ಚ್ ೧೮, ಮಂಗಳವಾರ

ಸರ್ಕಾರದ ಮುಖ್ಯ ಸಾಕ್ಷಿಯ ಸರದಿ ಹತ್ತಿರ ಬಂತು. ನಿರ್ದೇಶಕರ ಆಪ್ತ ಕಾರ್ಯದರ್ಶಿಯಾಗಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಹೆಂಗಸು. 'ನಿರ್ದೇಶಕರಿಗೆ ಎಲ್ಲ ಗೊತ್ತಿತ್ತು' ಎಂದು ತನಿಖೆಯವರ ಮುಂದೆ ಹೇಳಿಕೆ ಕೊಟ್ಟಿದ್ದಾಳೆ. ಕೇಸು ನಿಂತಿರುವುದೇ ಅವಳೊಬ್ಬಳ ಮೇಲೆ.

ಮಾತುಕತೆ ಮುಗಿದು ಏಳುವಾಗ ನಿರ್ದೇಶಕರು ಬಾಗಿಲು ಮುಚ್ಚಿ ಮತ್ತೆ ಕೂತರು. "ಮೇಡಂ, ಆರು ವರ್ಷದ ಹಿಂದೆ ಆಕೆ ಮಾನಸಿಕ ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದಳು. ಯಾರಿಗೂ ಗೊತ್ತಿಲ್ಲ. ರಜೆ ಕೊಟ್ಟವನು ನಾನು, ಅದಕ್ಕೇ ನನಗೆ ಗೊತ್ತು. ಎತ್ತಿದ್ರೆ ಆಕೆ ಮಾತು ಯಾರು ನಂಬ್ತಾರೆ?"

ಬಲವಾದ ಅಸ್ತ್ರ. ಆಸ್ಪತ್ರೆಯ ದಾಖಲೆ ತರಿಸಲು ನ್ಯಾಯಾಲಯದ ಅನುಮತಿಗೆ ಅರ್ಜಿ ಸಿದ್ಧ ಮಾಡು ಎಂದು ಜೂನಿಯರ್‌ಗೆ ಹೇಳಿದೆ. ಅವನಿಗೆ ನಲವತ್ತೈದಾಯಿತು. ನನ್ನ ಕೈಕೆಳಗೆ ಇರುವವರೆಗೂ ಜೂನಿಯರ್ರೇ. "ಮಾಡ್ತೀನಿ ಮೇಡಂ," ಎಂದವನು ಹೋಗದೆ ಒಂದು ಗಳಿಗೆ ನಿಂತಿದ್ದ.

ಅತ್ತೆಯ ಮೊಣಕಾಲು ಇವತ್ತು ತೊಂಬತ್ತು ಡಿಗ್ರಿ ಬಾಗಿತಂತೆ. ಫಿಸಿಯೋಥೆರಪಿಯವರು ಚಪ್ಪಾಳೆ ತಟ್ಟಿದರಂತೆ. ಊಟದ ಹೊತ್ತಿನಲ್ಲಿ ಎರಡು ಸಲ ಮಡಿಸಿ ತೋರಿಸಿದರು.

ಮಾರ್ಚ್ ೨೪, ಸೋಮವಾರ

"ಮನೆಯಲ್ಲಿ ಗೋಡೆ ನೋಡಿ ನೋಡಿ ಸಾಕಾಯ್ತು, ನಿನ್ನ ಕೋರ್ಟು ನೋಡ್ತೀನಿ," ಎಂದು ಅತ್ತೆ ಹಟ ಹಿಡಿದರು. ಕರೆದುಕೊಂಡು ಹೋದೆ. ಈಗ ವಾಕರ್ ಇಲ್ಲ, ಕೋಲು ಸಾಕು. ಜೂನಿಯರ್ ಕೈಹಿಡಿದು ಮೂಲೆಯ ಬೆಂಚಿನ ಕಡೆ ನಡೆಸಿದ. "ಅಲ್ಲಿ ಬೇಡಪ್ಪ, ಆ ಕಿಟಕಿ ಪೂರ್ತಿ ಮುಚ್ಚಲ್ಲ, ಗಾಳಿ ಬೆನ್ನಿಗೆ ಹೊಡೆಯುತ್ತೆ. ಕಂಬದ ಪಕ್ಕ ಕೂರ್ತೀನಿ," ಎಂದರು. ಕೂತರು.

ಲೆಕ್ಕಪರಿಶೋಧಕನ ಸಾಕ್ಷ್ಯ ದಿನವಿಡೀ ಎಳೆಯಿತು. ಸರ್ಕಾರಿ ವಕೀಲರೇ ಆಕಳಿಸಿದರು. ಅತ್ತೆ ಮಾತ್ರ ನೆಟ್ಟಗೆ ಕೂತು ಕೇಳಿದರು.

ಮನೆಗೆ ಬಂದು ಕೈಕಾಲು ತೊಳೆಯುವಾಗ ತಲೆಗೆ ಹೊಳೆಯಿತು. ಆ ಕಿಟಕಿ ಪೂರ್ತಿ ಮುಚ್ಚುವುದಿಲ್ಲ ಎಂದು ಇವರಿಗೆ ಹೇಗೆ ಗೊತ್ತು?

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಚಹಾದ ಹೊತ್ತಿಗೆ ನೇರವಾಗಿ ಕೇಳಿದೆ. ಈ ಸಲ ರಾಣಿಯ ವಿಷಯದಂತೆ ಜಾರಿಕೊಳ್ಳಲಿಲ್ಲ.

"ಮೊದ್ಲೂ ಬಂದಿದ್ದೀನಿ."

"ಯಾವಾಗ?"

"ಆಗಾಗ. ನೀವಿಬ್ಬರೂ ಬೇರೆಯಾದ ಮೇಲೆ. ಪೇಪರಲ್ಲಿ ನಿನ್ನ ಕೇಸು ಅಂತ ಬರೋದಲ್ಲ, ಬಸ್ಸು ಹತ್ತಿ ಬರ್ತಿದ್ದೆ. ಹಿಂದೆ ಕೂತು ಕೇಳಿಕೊಂಡು ಹೋಗ್ತಿದ್ದೆ."

"ಮಾತಾಡಿಸಲಿಲ್ಲ ಯಾಕೆ?"

"ಏನಂತ ಮಾತಾಡಿಸ್ಲಿ? ಮಗನ ಕಡೆಯವಳು ನಾನು. ನಿನ್ನ ಮನೆಗೆ ಬರೋಕೆ ನಿನ್ನ ಒಪ್ಪಿಗೆ ಬೇಕು, ಫೋನ್ ಮಾಡೋಕೆ ಒಂದು ಕಾರಣ ಬೇಕು. ಕೋರ್ಟಿಗೆ ಯಾರು ಬೇಕಾದ್ರೂ ಬರಬಹುದಲ್ಲ. ನಿನ್ನ ನೋಡೋಕೆ ಅದೊಂದೇ ಜಾಗ ಇದ್ದದ್ದು."

ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

ಆಮೇಲೆ ಅವರೇ ಮುಂದುವರಿಸಿದರು. "ಒಂದು ಸಲ ನೀನು ಒಬ್ಬ ಗುಮಾಸ್ತನ್ನ ಸಾಕ್ಷಿ ಕಟ್ಟೆ ಹತ್ತಿಸಿದ್ದೆ. ಕನ್ನಡಕದವನು. ಅವನ ಹೆಂಡತಿ ಬಿಟ್ಟುಹೋದದ್ದು, ಕುಡೀತಿದ್ದದ್ದು, ಎಲ್ಲ ಕೇಳಿದೆ. ಅತ್ತುಬಿಟ್ಟ."

"ಆ ಕೇಸು ಗೆದ್ದೆ," ಎಂದೆ.

"ಗೊತ್ತು. ಪೇಪರಲ್ಲಿ ಓದಿದೆ. ಅವತ್ತು ಬಸ್‌ಸ್ಟಾಪಲ್ಲಿ ನನ್ನ ಪಕ್ಕ ನಿಂತಿದ್ದ. ಬಸ್ಸು ಬರೋದು, ಹೋಗೋದು. ಹತ್ತಲೇ ಇಲ್ಲ. ಎಲ್ಲಿಗೆ ಹೋಗಬೇಕಪ್ಪಾ ಅಂತ ಕೇಳಿದೆ. ನೆನಪಾಗ್ತಿಲ್ಲಮ್ಮ ಅಂದ."

ಇಷ್ಟು ಹೇಳಿ ಪದಬಂಧ ಎತ್ತಿಕೊಂಡರು. ಗಿಳಿಗೆ ನಾಲ್ಕಕ್ಷರದ ಇನ್ನೊಂದು ಪದ ಬೇಕಂತೆ. ನನಗೆ ಹೊಳೆಯಲಿಲ್ಲ.

ಮಾರ್ಚ್ ೨೬, ಬುಧವಾರ

ಆ ಗುಮಾಸ್ತನ ಮುಖ ನೆನಪಿಸಿಕೊಳ್ಳಲು ನೋಡಿದೆ. ಕನ್ನಡಕ ಮಾತ್ರ ಬಂತು.

ಮಾರ್ಚ್ ೨೭, ಗುರುವಾರ

ನಿರ್ದೇಶಕರನ್ನು ಕರೆಸಿದೆ. ಆಸ್ಪತ್ರೆಯ ವಿಷಯ ಎತ್ತುವುದಿಲ್ಲ ಎಂದೆ. ಕಾರಣಗಳನ್ನೂ ಕೊಟ್ಟೆ: ನ್ಯಾಯಾಧೀಶರಿಗೆ ಹಿಡಿಸುವುದಿಲ್ಲ, ಪತ್ರಿಕೆಗಳು ತಿರುಗಿಬೀಳುತ್ತವೆ, ಆ ಚಿಕಿತ್ಸೆಗೂ ಅವಳ ನೆನಪಿಗೂ ಸಂಬಂಧ ತೋರಿಸುವುದು ಕಷ್ಟ. ಎಲ್ಲ ನಿಜವಾದ ಕಾರಣಗಳೇ.

"ಹೋದ ವಾರ ಈ ಕಾರಣ ಇರಲಿಲ್ವಾ?" ಎಂದರು. ಅವರೂ ದಡ್ಡರಲ್ಲ.

"ಇತ್ತು. ನಾನು ನೋಡಿರಲಿಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬೇರೆ ವಕೀಲರಿಗೆ ಫೈಲು ಒಪ್ಪಿಸ್ತೀನಿ. ಕಾಲಾವಕಾಶವನ್ನೂ ನಾನೇ ಕೇಳ್ತೀನಿ. ಇದು ನಿಮ್ಮ ಜೀವನದ ಪ್ರಶ್ನೆ, ಯೋಚನೆ ಮಾಡಿ."

"ನೀವು ಮೊದಲಿನ ಹಾಗಿಲ್ಲ ಮೇಡಂ," ಎಂದು ಎದ್ದುಹೋದರು. ಜೂನಿಯರ್ ಕೂಡ ಈ ನಡುವೆ ಅದನ್ನೇ ಹೇಳುತ್ತಾನೆ. ವಯಸ್ಸಾಯಿತು ಎನ್ನುವುದನ್ನು ಜನ ಹೀಗೂ ಹೇಳುತ್ತಾರೆ.

ಮಾರ್ಚ್ ೨೮, ಶುಕ್ರವಾರ

ನಿರ್ದೇಶಕರು ಫೋನ್ ಮಾಡಿದರು. "ನೀವೇ ನಡೆಸಿ." ಅಷ್ಟೆ. ಸಂತೋಷದಿಂದ ಹೇಳಿದಂತಿರಲಿಲ್ಲ. ಅರ್ಜಿಯನ್ನು ಕೈಬಿಡು ಎಂದೆ ಜೂನಿಯರ್‌ಗೆ. "ನಾನಿನ್ನೂ ಬರೆದೇ ಇಲ್ಲ ಮೇಡಂ," ಎಂದ.

ಏಪ್ರಿಲ್ ೧, ಮಂಗಳವಾರ

ಆಪ್ತ ಕಾರ್ಯದರ್ಶಿ ಕಟ್ಟೆ ಹತ್ತಿದಳು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ನೀಲಿ ಬಟ್ಟೆ. ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದಳು. ನನ್ನನ್ನು ನೋಡಿದ ನೋಟದಲ್ಲೇ ತಿಳಿಯಿತು, ಆಸ್ಪತ್ರೆಯ ಮಾತು ಬರುತ್ತದೆ ಎಂದು ಅವಳು ಕಾಯುತ್ತಿದ್ದಾಳೆ.

ಸರ್ಕಾರಿ ವಕೀಲರು ಬೇಗ ಮುಗಿಸಿದರು. ಕಾರ್ಖಾನೆಯ ನಾಟಕ ನಿರ್ದೇಶಕರಿಗೆ ಗೊತ್ತಿತ್ತೆ? ಗೊತ್ತಿತ್ತು. ಅವರು ಕೂತರು. ಪಾಟೀ ಸವಾಲಿಗೆ ನಾನು ಎದ್ದೆ.

ಸಿದ್ಧಮಾಡಿಕೊಂಡು ಹೋದ ಪ್ರಶ್ನೆಗಳು ಎರಡು ಹಾಳೆ ತುಂಬ ಇದ್ದವು. ಹೌದು, ಇಲ್ಲ, ಹೌದು, ಇಲ್ಲ. ನಾಲ್ಕೈದು ಕೇಳಿದೆ, ಸರಾಗವಾಗಿ ಹೋಯಿತು. ಒಂದು ಕಡೆ ಆಕೆ, "ಇಲ್ಲ, ಆದ್ರೆ ಅವತ್ತು ಬೆಳಿಗ್ಗೆ..." ಎಂದಳು. ನನ್ನ ನಾಲಿಗೆಯ ತುದಿಯಲ್ಲಿ ಮುಂದಿನ ಪ್ರಶ್ನೆ ಇತ್ತು.

"ಹೇಳಿ," ಎಂದುಬಿಟ್ಟೆ. "ಅವತ್ತು ಬೆಳಿಗ್ಗೆ ನಿರ್ದೇಶಕರು ಬಂದಾಗಿನಿಂದ ಏನೇನಾಯ್ತು, ನೀವೇ ಹೇಳಿ."

ಪಕ್ಕದಲ್ಲಿ ಜೂನಿಯರ್ ಬರೆಯುವುದನ್ನು ನಿಲ್ಲಿಸಿದ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀ ಸವಾಲಿನಲ್ಲಿ ಕೇಳಬಾರದು ಎಂದು ಅವನಿಗೆ ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನೇ.

ಆಕೆ ನ್ಯಾಯಾಧೀಶರ ಮುಖ ನೋಡಿದಳು. ಅವರು ತಲೆಯಾಡಿಸಿದರು.

"ಸರ್ ಬೇಗ ಬಂದ್ರು. ಕಿಟಕಿ ಹತ್ರ ನಿಂತು, ಚಿಮಣಿಯಲ್ಲಿ ಇದೇನು ಹೊಗೆ ಅಂತ ಕೇಳಿದ್ರು. ನನಗೆ ಗೊತ್ತಿಲ್ಲ ಅಂದೆ. ಉತ್ಪಾದನಾ ಮುಖ್ಯಸ್ಥರನ್ನ ಕರೆಸಿದ್ರು. ಬಾಗಿಲು ಹಾಕ್ಕೊಂಡು ಜೋರು ಮಾತಾಯ್ತು. ಹೊರಗೆ ಬಂದಾಗ ಸರ್ ಮುಖ ಬಿಳಿಚಿಕೊಂಡಿತ್ತು. ಹಣ ಹೂಡಿದವ್ರಿಗೆಲ್ಲ ಫೋನ್ ಮಾಡಿ, ಇವತ್ತಿನ ಭೇಟಿ ರದ್ದು ಅಂತ ಹೇಳಿ ಅಂದ್ರು. ನಾನು ಫೋನ್ ಎತ್ತಿಕೊಂಡೆ. ನಂಬರ್ ಒತ್ತುತ್ತಾ ಇದ್ದೆ. ಅಷ್ಟರಲ್ಲಿ ಅವರ ಬಸ್ಸು ಗೇಟಿಗೆ ಬಂದೇಬಿಡ್ತು. ಸರ್ ಸ್ವಲ್ಪ ಹೊತ್ತು ಬಸ್ಸು ನೋಡಿದ್ರು. ಆಮೇಲೆ, ಇಡಿ, ಫೋನ್ ಇಡಿ ಅಂದ್ರು. ಕೋಟು ಹಾಕ್ಕೊಂಡು, ನಗ್ತಾ ಕೆಳಗಿಳಿದು ಹೋದ್ರು."

ನಾನು ಪ್ರಶ್ನೆಗಳ ಹಾಳೆ ಮೇಜಿನ ಮೇಲಿಟ್ಟೆ.

"ತನಿಖೆಯವರಿಗೆ ಇದನ್ನ ಯಾಕೆ ಹೇಳಲಿಲ್ಲ?"

"ಗೊತ್ತಿತ್ತಾ ಇಲ್ವಾ ಅಂತಷ್ಟೇ ಕೇಳಿದ್ರು. ಗೊತ್ತಿತ್ತಲ್ಲ."

ಇನ್ನು ಪ್ರಶ್ನೆ ಇಲ್ಲ ಎಂದು ಕೂತೆ. ಒಂದೇ ಉತ್ತರ ಕೇಸನ್ನು ಎರಡು ಹೋಳು ಮಾಡಿತ್ತು. ನಿರ್ದೇಶಕರು ಸಂಚು ಹೂಡಿರಲಿಲ್ಲ ಎನ್ನುವುದು ನಿಜ. ಗೊತ್ತಾದ ಮೇಲೂ ನಗುತ್ತ ಇಳಿದುಹೋದದ್ದೂ ನಿಜ. ನನ್ನ ಬಳಿ ಒಂದು ವರ್ಷದಿಂದ ಏನೂ ಗೊತ್ತಿರಲಿಲ್ಲ ಎಂದೇ ಹೇಳುತ್ತ ಬಂದಿದ್ದರು. ತಿರುಗಿ ನೋಡಿದೆ. ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಆಕೆ ಕಟ್ಟೆಯಿಂದ ಇಳಿದು ನನ್ನ ಮೇಜಿನ ಪಕ್ಕದಲ್ಲೇ ಹೊರಗೆ ಹೋದಳು. ಕೈಚೀಲ ಹೆಗಲಿಗೇರಿತ್ತು.

ಮನೆಗೆ ಬಂದಾಗ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. "ಗೆದ್ಯಾ, ಸೋತ್ಯಾ?" ಎಂದರು. ಗೊತ್ತಾಗುತ್ತಿಲ್ಲ ಎಂದೆ. "ಹಾಗಾದ್ರೆ ಈರುಳ್ಳಿ ಹೆಚ್ಚು," ಎಂದು ಚಾಕು ಕೊಟ್ಟರು.

ಏಪ್ರಿಲ್ ೪, ಶುಕ್ರವಾರ

ನಿರ್ದೇಶಕರ ಜೊತೆ ಬಹಳ ಹೊತ್ತು ಕೂತೆ. ಅಂತಿಮ ವಾದದಲ್ಲಿ ಏನೂ ಗೊತ್ತಿರಲಿಲ್ಲ ಎಂಬ ಮಾತನ್ನು ನಾನು ಇನ್ನು ಹೇಳಲಾರೆ, ಸಂಚಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ ಎಂದೆ. ಒಪ್ಪಿದರು. "ಬಸ್ಸು ಹತ್ತು ನಿಮಿಷ ತಡವಾಗಿ ಬಂದಿದ್ರೆ ನಾನು ಇಲ್ಲಿ ಇರ್ತಾನೇ ಇರಲಿಲ್ಲ ಮೇಡಂ," ಎಂದರು. ಇರಬಹುದು. ಆ ಬಸ್ಸಿನ ಮೇಲೆ ಕೇಸು ಹಾಕುವಂತಿಲ್ಲ.

ಏಪ್ರಿಲ್ ೧೫, ಮಂಗಳವಾರ

ತೀರ್ಪು ಬಂತು. ಸಂಚು, ಸುಳ್ಳು ದಾಖಲೆ ಎರಡೂ ದೊಡ್ಡ ಆರೋಪಗಳಿಂದ ಬಿಡುಗಡೆ. ಹೂಡಿಕೆದಾರರನ್ನು ತಪ್ಪುದಾರಿಗೆ ಎಳೆದದ್ದಕ್ಕೆ ಒಂದು ವರ್ಷ ಸಜೆ. ಎಲ್ಲ ಸಾಬೀತಾಗಿದ್ದರೆ ಏಳೆಂಟು ವರ್ಷವಾಗುತ್ತಿತ್ತು. ಅವರ ಹೆಂಡತಿ ಅತ್ತರು, ಆಮೇಲೆ ನನ್ನ ಕೈ ಹಿಡಿದುಕೊಂಡರು. ಒಂದು ವರ್ಷಕ್ಕಾಗಿ ಅತ್ತದ್ದೋ, ಉಳಿದ ವರ್ಷಗಳಿಗಾಗಿ ಕೈಹಿಡಿದದ್ದೋ.

ಪೊಲೀಸರು ಕರೆದೊಯ್ಯುವ ಮೊದಲು ನಿರ್ದೇಶಕರು ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ.

"ಆಕೆ ಒಂದಕ್ಷರ ಸುಳ್ಳು ಹೇಳಲಿಲ್ಲ," ಎಂದರು. "ಆಸ್ಪತ್ರೆ ವಿಷಯ ನಾನು ನಿಮಗೆ ಹೇಳಿದ್ದು ಆಕೆಗೆ ಗೊತ್ತಾಗೋದು ಬೇಡ."

"ನನ್ನಿಂದ ಗೊತ್ತಾಗಲ್ಲ," ಎಂದೆ.

ಪತ್ರಿಕೆಯವರು ಹೊರಗೆ ಕೇಳಿದರು, ಇದು ಗೆಲುವೋ ಸೋಲೋ? ಸಾಮಾನ್ಯವಾಗಿ ಇಂಥದ್ದಕ್ಕೆ ಒಂದು ಮಾತು ಸಿದ್ಧವಿರುತ್ತದೆ. ಇವತ್ತು ಇರಲಿಲ್ಲ. ನಾಳೆ ಏನು ಬರೆಯುತ್ತಾರೋ, ಬರೆದುಕೊಳ್ಳಲಿ.

ಏಪ್ರಿಲ್ ೧೮, ಶುಕ್ರವಾರ

ಡಾಕ್ಟರು ಅತ್ತೆಯ ಕಾಲು ನೋಡಿ, ಇನ್ನು ಮೆಟ್ಟಿಲು ಹತ್ತಬಹುದು ಎಂದರು. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಮಗಳ ಅಪ್ಪ ಫೋನ್ ಮಾಡಿದ. ಸರಿ ಎಂದೆ.

ಒಳ್ಳೆಯದೇ ಆಯಿತು. ಮುಂದಿನ ವಾರ ಹೊಸ ಕೇಸಿನ ಕೆಲಸ ತುಂಬ ಇದೆ.

ಏಪ್ರಿಲ್ ೨೦, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಮಗಳ ಅಪ್ಪ ಬಂದ. ಅತ್ತೆಯ ಪೆಟ್ಟಿಗೆ ಬಾಗಿಲ ಬಳಿ ಸಿದ್ಧವಾಗಿತ್ತು. ನಾನು ಮೂರನೇ ಮಹಡಿಯ ವಿಷಯ ಎತ್ತಿದೆ. ಡಾಕ್ಟರು ಹತ್ತಬಹುದು ಎಂದಿದ್ದಾರೆ, ಸರಿ. ದಿನಕ್ಕೆ ಎಷ್ಟು ಸಲ ಎಂದು ಹೇಳಿದ್ದಾರೆಯೇ? ಕೆಲಸದ ಮೇಲೆ ನೀನು ಊರೂರು ಸುತ್ತುವಾಗ ಇವರನ್ನು ನೋಡಿಕೊಳ್ಳುವವರು ಯಾರು? ಫಿಸಿಯೋಥೆರಪಿಯವರ ಮನೆ ಇಲ್ಲಿಂದ ಎರಡು ಬೀದಿ, ಅಲ್ಲಿಂದ ಎಷ್ಟು? ಒಂದೊಂದಾಗಿ ಇಟ್ಟೆ. ಅವನೂ ಒಂದೊಂದಕ್ಕೆ ಉತ್ತರ ಕೊಟ್ಟ. ಅವನು ಮೊದಲಿಂದಲೂ ವಾದದಲ್ಲಿ ಸೋಲುವವನಲ್ಲ.

ಅತ್ತೆ ಕೋಲಿನ ಮೇಲೆ ಕೈಯಿಟ್ಟು ಕೂತು ಇಬ್ಬರನ್ನೂ ಕೇಳಿಸಿಕೊಂಡರು. ಕೊನೆಗೆ ನನ್ನ ಕಡೆ ತಿರುಗಿದರು.

"ಅದೆಲ್ಲ ನನ್ನ ಕಾಲಿನ ಪರವಾಗಿ ಹೇಳ್ತಿದ್ದೀಯ. ನಿನ್ನ ಪರವಾಗಿ ಏನಾದ್ರೂ ಹೇಳೋದಿದ್ಯಾ?"

ಬಾಯಿ ತೆರೆದೆ. ಇಷ್ಟು ವರ್ಷ ಬೇರೆಯವರ ಪರವಾಗಿ ದಿನವಿಡೀ ನಿಂತು ಮಾತಾಡಿದ್ದೇನೆ. ನನ್ನ ಪರವಾಗಿ ಒಂದು ಸಲವೂ ಇಲ್ಲ.

"ಇರಿ," ಎಂದೆ. ಆಮೇಲೆ, "ಇಲ್ಲೇ ಇರಿ ಅತ್ತೆ."

ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಇರ್ತೀನಿ. ಆದ್ರೆ ಆ ಅತಿಥಿ ಕೋಣೆಯಲ್ಲಿ ಅಲ್ಲ. ಅಲ್ಲಿ ಬಿಸಿಲು ಬರಲ್ಲ. ನಿನ್ನ ಫೈಲಿನ ಕೋಣೆ ಖಾಲಿ ಮಾಡು."

"ಅಲ್ಲಿರೋದು ನನ್ನ ಇಪ್ಪತ್ತೈದು ವರ್ಷದ ಕೇಸುಗಳು," ಎಂದೆ.

"ಮುಗಿದಿಲ್ವಾ ಅವು?"

ಮಗಳ ಅಪ್ಪ ಅಂಗಿಯ ತೋಳು ಮಡಿಸಿದ. ಜೂನಿಯರ್‌ಗೆ ಫೋನ್ ಮಾಡಿ ವ್ಯಾನು ತರಿಸಿದೆ. ಮಧ್ಯಾಹ್ನವೆಲ್ಲ ಹೊತ್ತೆವು. ಬ್ಯಾಂಕುಗಳು, ಸಕ್ಕರೆ ಕಂಪನಿ, ವಿಮೆ, ಮಂತ್ರಿಯ ಅಳಿಯ, ಎಲ್ಲರೂ ಕಟ್ಟು ಕಟ್ಟಾಗಿ ಆಫೀಸಿನ ಗೋದಾಮಿಗೆ ಹೋದರು. ಅತ್ತೆ ಕುರ್ಚಿ ಹಾಕಿಸಿಕೊಂಡು ನಡುವೆ ಕೂತು, ಯಾವ ಕಟ್ಟು ಯಾವ ಕೇಸು ಎಂದು ಕೇಳುತ್ತಿದ್ದರು. ಕೆಲವು ಅವರಿಗೂ ಗೊತ್ತಿದ್ದವು.

ಪಶ್ಚಿಮದ ಗೋಡೆಗೆ ಒರಗಿದ್ದ ಕೊನೆಯ ಬೀರುವನ್ನು ಸರಿಸಿದಾಗ ಹಿಂದೆ ಒಂದು ಕಿಟಕಿ ಇತ್ತು. ಮನೆ ಕೊಂಡಾಗ ನೋಡಿದ್ದೆನೋ ಏನೋ, ಅಲ್ಲಿ ಕಿಟಕಿ ಇರುವುದೇ ನನಗೆ ಮರೆತುಹೋಗಿತ್ತು. ಮಗಳ ಅಪ್ಪ ಸುತ್ತಿಗೆಯಿಂದ ತುಕ್ಕು ಹಿಡಿದ ಚಿಲಕ ಬಡಿದು ತೆರೆದ. ಸಂಜೆಯ ಬಿಸಿಲು ನೆಲದ ಮೇಲೆ, ಧೂಳಿನ ಮೇಲೆ, ಅತ್ತೆಯ ಮೊಣಕಾಲಿನ ಮೇಲೆ ಬಿತ್ತು.

ಮೈಕೈ ನೋಯುತ್ತಿದೆ. ನನ್ನ ಮೇಜು ಹಜಾರದ ನಡುವೆ ನಿಂತಿದೆ. ಎಲ್ಲಿಡಬೇಕೋ ತಿಳಿಯದು, ನಾಳೆ ನೋಡೋಣ. ಅತ್ತೆ ಇಸ್ಪೀಟು ಕಲೆಸುತ್ತಿದ್ದಾರೆ, ಅವನೂ ಕೂತಿದ್ದಾನೆ, ಜೂನಿಯರ್ರೂ. ನನ್ನನ್ನು ಕರೆಯುತ್ತಿದ್ದಾರೆ.